ಅಳತೆ ಹೇಳದ ಬಾಲ

"ನಾಲ್ಕು ಮಹಡಿ ಕಟ್ಟಡಕ್ಕೂ ನಲವತ್ತು ಮಹಡಿ ಜಾಗ ಇಟ್ಟಿದ್ರಲ್ಲ ಮೇಷ್ಟ್ರೇ, ಹನ್ನೊಂದು ವರ್ಷ ಯಾರಿಗೂ ಹೊಳೀಲಿಲ್ಲ ನೋಡಿ," ಎಂದು ಮ್ಯಾನೇಜರ್ ಎಲ್ಲರೆದುರು ನಕ್ಕಾಗ ಮೇಷ್ಟ್ರೂ ನಕ್ಕರು. ಹಲ್ಲು ಮಾತ್ರ ನಕ್ಕಿತು.

ಲಿಫ್ಟ್ ಕಂಟ್ರೋಲರುಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಆ ಕೋಣೆಯಲ್ಲಿ ಬಂದವರಿಗೆಲ್ಲ ಪಾಠ ಹೇಳಿ ಹೇಳಿ ಅವರಿಗೆ ಮೇಷ್ಟ್ರು ಎಂಬ ಹೆಸರು ಅಂಟಿತ್ತು. ಸೇರಿ ಮೂರು ತಿಂಗಳೂ ಆಗದ ಹುಡುಗಿ, ಒಂದು ಕಟ್ಟಡದ ವಿವರವನ್ನೆಲ್ಲ ಒಟ್ಟಿಗಿಡುವ ಅವರ ಸ್ಟ್ರಕ್ಟಿನ ಕೊನೆಗಿದ್ದ ಅರೇ, ಅಂದರೆ ಮಹಡಿಗಳ ಪಟ್ಟಿಯ, ಆವರಣದೊಳಗಿಂದ ನಲವತ್ತನ್ನೇ ಅಳಿಸಿ ಅದನ್ನು ಖಾಲಿ ಬಿಟ್ಟಿದ್ದಳು. ಪ್ರತಿ ಕಟ್ಟಡಕ್ಕೆ ಎಷ್ಟು ಮಹಡಿಯೋ ಅಷ್ಟನ್ನೇ ಕೋಡಿನಲ್ಲಿ ಮೊದಲೇ ತುಂಬಿದರೆ, ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರೇ ಎಣಿಸಿ ಜಾಗ ಕೊಡುತ್ತಿತ್ತು. ಮೆಮೊರಿ ಅರ್ಧಕ್ಕರ್ಧ ಉಳಿಯಿತು. ಹೊಸ ಮಾಡೆಲ್‌ನ ಉಸ್ತುವಾರಿ ಇನ್ನು ಯಾರಿಗೆಂದು ಮ್ಯಾನೇಜರ್ ಇವತ್ತೇ ಹೇಳುವವರಿದ್ದರು.

"ಇಷ್ಟೇ ಅಲ್ವಾ ಸರ್?" ಕಾಫಿ ಯಂತ್ರದ ಬಳಿ ಮೇಷ್ಟ್ರು ಅವಳ ರಾಗವನ್ನೇ ಎಳೆದು ತೋರಿಸಿದರು. ಅವರ ಪ್ರೋಗ್ರಾಂಗಳನ್ನು ಪರೀಕ್ಷಿಸುವ ಟೆಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರ ಹೊಟ್ಟೆ ಉರಿಯುತ್ತಲೇ ಇತ್ತು.

ಮೂರು ಗಂಟೆಗೆ ಮೇಜಿನ ಮೇಲಿದ್ದ ಲಿಫ್ಟ್ ಪ್ಯಾನೆಲ್ಲಿಗೆ ಕರೆಂಟು ಕೊಟ್ಟರು. ಕಟ್ಟಡದ ಹೆಸರು ಸರಿಯಾಗಿ ಬಂತು. ಮಹಡಿಗಳು ಬಂದದ್ದು ಹೀಗೆ: ಸೊನ್ನೆ, ಸೊನ್ನೆ, ಸೊನ್ನೆ.

"ಎಲ್ಲರೂ ನೆಲದ ಮೇಲೇ ಇರಿ ಅಂತಿದೆ," ಎಂದ ಟೆಸ್ಟರ್.

"ಅಳತೆ ಹೇಳದ ಅರೇನ ನಂಬಿದ್ರೆ ಹೀಗೇ ಆಗೋದು," ಎನ್ನುತ್ತ ಮೇಷ್ಟ್ರು ಅವಳಿಗಿಂತ ಮೊದಲೇ ತಮ್ಮ ಕಂಪ್ಯೂಟರಿಗೆ ಹೋಗಿ ಕೂತರು. ಎರಡೇ ನಿಮಿಷಕ್ಕೆ ತಪ್ಪು ಸಿಕ್ಕಿತು. ಆಯ್ದ ಕಟ್ಟಡದ ವಿವರವನ್ನು ನಕಲು ಮಾಡುವ ಸಾಲು, ಸ್ಟ್ರಕ್ಟಿನ ಗಾತ್ರವನ್ನು ಕಂಪೈಲರನ್ನೇ ಕೇಳುತ್ತಿತ್ತು. ಖಾಲಿ ಆವರಣದ ಬಾಲವನ್ನು, ಅಂದರೆ ಮಹಡಿಗಳ ಪಟ್ಟಿಯನ್ನು, ಕಂಪೈಲರ್ ಆ ಗಾತ್ರಕ್ಕೆ ಸೇರಿಸುವುದಿಲ್ಲ. ತಲೆ ಬಂತು, ಬಾಲ ಅಲ್ಲೇ ಉಳಿಯಿತು. ಸಾಲಿನ ಪಕ್ಕ ಬರೆದವರ ಹೆಸರಿತ್ತು. ಮೇಷ್ಟ್ರದೇ.

ಹಿಂದೆ ಅವಳು ಬಂದು ನಿಂತಿದ್ದಳು. ಕಳೆದ ವಾರ ಇವರನ್ನೇ ಕೇಳಿದ್ದಳು, ಈ ಸ್ಟ್ರಕ್ಟನ್ನ ಎಲ್ಲಾದ್ರೂ ನಕಲು ಮಾಡ್ತೀವಾ ಸರ್ ಎಂದು. ಮೇಷ್ಟ್ರು ತಲೆಯನ್ನೂ ಎತ್ತದೆ, "ಎಲ್ಲೂ ಇಲ್ಲಮ್ಮ" ಎಂದಿದ್ದರು.

"ಯಾರದಿದು ತಪ್ಪು?" ಮ್ಯಾನೇಜರ್ ಪ್ಯಾನೆಲ್ಲಿನ ಬಳಿಯಿಂದಲೇ ಕೇಳಿದರು.

ಮೇಷ್ಟ್ರ ಬಾಯಿ ತೆರೆಯಿತು.

"ನಂದೇ ಸರ್," ಎಂದಳು. "ನಾನೇ ಹುಡುಕಿ ನೋಡ್ಬೇಕಿತ್ತು. ಐದು ನಿಮಿಷ ಕೊಡಿ."

"ಹೀಗೆ ಒಪ್ಕೊಳ್ಳೋರು ಬೇಕು ನೋಡಿ ಉಸ್ತುವಾರಿಗೆ," ಎಂದರು ಮ್ಯಾನೇಜರ್.

ತಪ್ಪೂ ಅವಳ ಪಾಲಿಗೇ ಹೋಯಿತು.

"ಸರ್, ಒಂದ್ನಿಮಿಷ ಕೂತ್ಕೊಳ್ಳಲಾ?"

ಮೇಷ್ಟ್ರು ಎದ್ದರು. ಅವರ ಕುರ್ಚಿಯಲ್ಲಿ ಕೂತರೆ ಅವಳ ಕಾಲು ನೆಲಕ್ಕೆ ಎಟುಕಲಿಲ್ಲ. ಸೀಟಿನಡಿಗೆ ಕೈ ಹಾಕಿ ಅಲ್ಲಿದ್ದ ಹಿಡಿಯನ್ನು ಎಳೆದಳು. ಕುರ್ಚಿ ಉಸ್ಸೆಂದು ಅವಳ ಎತ್ತರಕ್ಕೆ ಇಳಿಯಿತು.