ನೆರಿಗೆ ಬಿಚ್ಚಿದ್ದು

ಹೊಲಿಗೆ ಅಂಗಡಿಯ ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ತಂಗಿ ಪ್ರಬಂಧದ ಹಾಳೆಗಳನ್ನು ಹರಡಿಕೊಂಡಳು. ಕೊನೆಯ ಪುಟದಲ್ಲಿ ಮೇಷ್ಟ್ರ ಕೆಂಪು ಅಕ್ಷರ: 'ಮೊದಲು ಚಿಕ್ಕದಾಗಿತ್ತು, ಈಗ ಉದ್ದವಾಗಿದೆ. ಕೇಳಿದ್ದಕ್ಕೆ ಉತ್ತರ ಮಾತ್ರ ಬಂದಿಲ್ಲ. ಓದು ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸಿದವರು ಯಾರು?'

ಸಂಜೆ ಕಾಲೇಜಿನ ಆ ಮೇಷ್ಟ್ರು ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವರು, ಆದರೆ ಪಟ್ಟು ಬಿಡುವವರಲ್ಲ. ಬದುಕಿನ ಒಂದು ದಿನದ ಬಗ್ಗೆ ಬರೆಯಿರಿ ಎಂದಾಗ ಅವಳು ಶಾಲೆ ಬಿಟ್ಟ ದಿನವನ್ನು ಆರಿಸಿಕೊಂಡು, 'ಮನೆಯ ಪರಿಸ್ಥಿತಿಯಿಂದಾಗಿ ಓದು ನಿಂತುಹೋಯಿತು' ಎಂದು ಬರೆದಿದ್ದಳು. ಮೇಷ್ಟ್ರು ಆ ಸಾಲಿಗೆ ಸುತ್ತು ಹಾಕಿ ತಿದ್ದಲು ಹೇಳಿದರು. ಅವಳು ಅಂಗಡಿಯ ಅಭ್ಯಾಸದಂತೆಯೇ ತಿದ್ದಿದಳು. ರವಿಕೆ ಬಿಗಿ ಎಂದರೆ ಪಕ್ಕಕ್ಕೊಂದು ಪಟ್ಟಿ ಕೊಟ್ಟು ಸಡಿಲ ಮಾಡುವುದು, ಮೊದಲಿನ ಹೊಲಿಗೆಗೆ ಕೈ ಹಚ್ಚದಿರುವುದು. ಅಪ್ಪನ ಸಾವು, ಅಮ್ಮನ ಕಾಯಿಲೆ ಎಂದು ಎರಡು ಪುಟ ಸೇರಿಸಿದಳು. ಆ ಸಾಲು ಇದ್ದಲ್ಲೇ ಇತ್ತು.

ನಿಲ್ಲಿಸಿದವಳು ಎದುರಿಗೇ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು.

ಅಪ್ಪ ಹೋದಮೇಲೆ ಅಂಗಡಿಗೆ ಇನ್ನೊಂದು ಜೊತೆ ಕೈ ಬೇಕೆಂದು ತಂಗಿಯನ್ನು ಶಾಲೆ ಬಿಡಿಸಿದವಳು ಅಕ್ಕ. ಈಗ ಸಂಜೆಯ ಗಿರಾಕಿಗಳನ್ನು ಒಬ್ಬಳೇ ಸುಧಾರಿಸಿಕೊಂಡು ಅವಳನ್ನು ಕಾಲೇಜಿಗೆ ಕಳಿಸುತ್ತಿರುವವಳೂ ಅವಳೇ. ಬಂದವರಿಗೆಲ್ಲ 'ಮೇಡಂಗೆ ಪುರುಸೊತ್ತಿಲ್ಲ, ಅಳತೆ ನನಗೇ ಕೊಡಿ' ಎಂದು ತಮಾಷೆ ಮಾಡುತ್ತಾಳೆ. ಬರೆದದ್ದನ್ನು ಮೇಷ್ಟ್ರಿಗೆ ಕೊಡುವ ಮೊದಲು ತನಗೆ ಓದಿ ಹೇಳಬೇಕು ಎಂಬುದೊಂದೇ ಅವಳ ಷರತ್ತು. ಹಳೆಯದನ್ನು ಕೆದಕಿ ಅಕ್ಕನ ಮನಸ್ಸು ಮುರಿದರೆ ಮತ್ತೆ ಇದೇ ಮೇಜಿಗೆ ಇಬ್ಬರೂ ಹೇಗೆ ಕೂರುವುದು? ತಂಗಿಗೆ ನಿಜವಾಗಿಯೂ ಭಯವಾಗಿತ್ತು.

ಮಧ್ಯಾಹ್ನದ ಬಿಸಿಲಿಗೆ ಗಿರಾಕಿಗಳಿರಲಿಲ್ಲ. ಅವಳು ಸೇರಿಸಿದ್ದ ಎರಡೂ ಪುಟಗಳಿಗೆ ಅಡ್ಡಗೆರೆ ಎಳೆದಳು. ಸುತ್ತು ಹಾಕಿದ ಸಾಲನ್ನೂ ಹೊಡೆದು, ಅದರ ಜಾಗದಲ್ಲಿ ನಾಲ್ಕು ಸಾಲು ಬರೆದಳು. ಬರೆದು ಮುಗಿಯುವಷ್ಟರಲ್ಲಿ ಅಕ್ಕ ದಾರ ಕಡಿದು, "ಎಲ್ಲಿ, ಓದು ನೋಡೋಣ" ಎಂದಳು.

ತಂಗಿ ಓದಿದಳು. ಆ ನಾಲ್ಕು ಸಾಲು ಬಂದಾಗ ಹಾರಿಸಿ ಮುಂದಕ್ಕೆ ಹೋದಳು.

"ಏನೋ ಬಿಟ್ಯಲ್ಲ," ಎಂದಳು ಅಕ್ಕ. "ಕಣ್ಣು ಓದ್ತು, ಬಾಯಿ ಓದಲಿಲ್ಲ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ತಂಗಿ ತಲೆ ಎತ್ತದೆ ಓದಿದಳು: 'ನನ್ನ ಓದು ನಿಲ್ಲಿಸಿದವಳು ಅಕ್ಕ. ನಾನು ಅತ್ತರೂ ಅವಳು ಬಗ್ಗಲಿಲ್ಲ. ಮತ್ತೆ ಶಾಲೆಯ ಆಸೆ ಹುಟ್ಟದಿರಲಿ ಎಂದು ನನ್ನ ಯೂನಿಫಾರ್ಮಿನ ಸ್ಕರ್ಟನ್ನು ಬಿಚ್ಚಿ ಹೊಲಿಗೆ ಮಿಷನ್ನಿಗೆ ಹೊದಿಕೆ ಮಾಡಿದಳು. ಆ ಹೊದಿಕೆ ಇವತ್ತಿಗೂ ಅಂಗಡಿಯಲ್ಲಿದೆ.'

ಅಕ್ಕ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟಳು. ಅವಳು ಏಳಬಹುದು, ಒಳಗೆ ಹೋಗಿ ಕೂರಬಹುದು ಎಂದು ತಂಗಿ ಕಾದಳು.

"ತಪ್ಪು ಬರೆದಿದೀಯ," ಎಂದಳು ಅಕ್ಕ ಕೊನೆಗೆ. "ಹೊಲಿದೋಳು ನಾನು. ಬಿಚ್ಚಿದೋಳು ನೀನು."

"ನಾನಾ?"

"ಕೈಗೆ ಬ್ಲೇಡು ಕೊಟ್ಟು ಕೂರಿಸಿದ್ದೆ. ಬಟ್ಟೆ ಹರೀಬಾರದು, ದಾರ ಮಾತ್ರ ಕೀಳು ಅಂತ. ನಿನಗೆ ಕಲಿಸಿದ ಮೊದಲನೇ ಕೆಲಸ ಅದೇ. ಒಂದು ಕಡೇನೂ ಹರೀಲಿಲ್ಲ ನೀನು." ಅವಳು ಕಡಿದ ದಾರದ ತುಂಡನ್ನು ಬೆರಳಿಗೆ ಸುತ್ತಿಕೊಂಡು, "ಬೇರೆ ಬಟ್ಟೆ ಕೊಡಬಹುದಾಗಿತ್ತು. ಚೂರು ಬೇಕಾದಷ್ಟು ಬಿದ್ದಿದ್ವು," ಎಂದಳು.

ತಂಗಿ ಅಡ್ಡಗೆರೆ ಎಳೆದಿದ್ದ ಹಾಳೆಯೊಂದನ್ನು ಮಡಚಿದಳು, ಮತ್ತೆ ಬಿಡಿಸಿದಳು.

"ಅದನ್ನೂ ಸೇರಿಸು," ಎಂದಳು ಅಕ್ಕ. "ಆಮೇಲೆ ಚೆನ್ನಾಗಿರೋ ಅಕ್ಷರದಲ್ಲಿ ಬರಿ. ಮೇಷ್ಟ್ರು ಓದೋದು."

ತಂಗಿ ಬರೆದಳು. ಮುಗಿಯುವಷ್ಟರಲ್ಲಿ ಸಂಜೆಯಾಗಿ ಕಾಲೇಜಿಗೆ ಹೊತ್ತಾಗಿತ್ತು. ಹಾಳೆಗಳನ್ನು ಚೀಲಕ್ಕೆ ತುರುಕಿ, ಹೋಗಿಬರುತ್ತೇನೆಂದು ಹೇಳಿ ಬಾಗಿಲಿಗೆ ಬಂದಳು. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವಾಗ ಹಾಗೇ ತಿರುಗಿ ನೋಡಿದಳು.

ಅಕ್ಕ ಮಿಷನ್ನಿನ ಆ ನೀಲಿ ಹೊದಿಕೆಯನ್ನು ಮಗುಚಿ ತೊಡೆಯ ಮೇಲೆ ಹಾಕಿಕೊಂಡಿದ್ದಳು. ಹಿಂದೆ ಸ್ಕರ್ಟಿನ ನೆರಿಗೆಗಳಿದ್ದ ಕಡೆ ಸಾಲಾಗಿ ಉಳಿದಿದ್ದ ಸೂಜಿಯ ತೂತುಗಳ ಮೇಲೆ ಅವಳ ಹೆಬ್ಬೆರಳು ನಿಧಾನವಾಗಿ ಆಡುತ್ತಿತ್ತು.