ಹುಲ್ಲು ಎದ್ದ ಗಳಿಗೆ

೧೯೯೮ರ ಡಿಸೆಂಬರಿನಲ್ಲಿ ನನ್ನ ಕ್ಯಾಮೆರಾಕ್ಕೆ ಹದಿನೈದು ದಿನದ ಗಡುವು ಬಿತ್ತು. ಗಡುವು ಕೊಟ್ಟವಳು ನನ್ನ ಹೆಂಡತಿ ಮಹಾಲಕ್ಷ್ಮಮ್ಮ.

ತುಮಕೂರಿನ ಹವ್ಯಾಸಿ ಛಾಯಾಗ್ರಾಹಕರ ಸಂಘದವರು ವರ್ಷಕ್ಕೊಮ್ಮೆ ಪ್ರದರ್ಶನ ಇಡುತ್ತಿದ್ದರು. ಹನ್ನೊಂದು ವರ್ಷದಿಂದ ನಾನು ಚಿತ್ರ ಕಳಿಸುತ್ತಿದ್ದೆ, ಹನ್ನೊಂದು ವರ್ಷದಿಂದ ಅವರು ವಾಪಸ್ಸು ಕಳಿಸುತ್ತಿದ್ದರು. ಇಷ್ಟು ತಪ್ಪದೆ ನನ್ನೊಡನೆ ಪತ್ರ ವ್ಯವಹಾರ ಇಟ್ಟುಕೊಂಡವರು ನೆಂಟರಲ್ಲೂ ಇರಲಿಲ್ಲ.

"ಈ ಸಲ ಅವ್ರು ನಿಮ್ದು ಒಂದೇ ಒಂದು ಫೋಟೋ ಗೋಡೆ ಮೇಲೆ ನೇತಾಕಿದ್ರೆ ಕ್ಯಾಮೆರಾ ನಿಮ್ದು. ಇಲ್ಲಾಂದ್ರೆ ದಯಾನಂದಂಗೆ ಕೊಟ್ಬುಡಿ. ಅವ್ನಾದ್ರೂ ಮನುಷ್ಯರ ಮಖ ತೆಗೀತಾನೆ," ಅಂದಳು. ದಯಾನಂದ ಅವಳ ತಮ್ಮ. ಗುಬ್ಬಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ ತೆಗೆಯುತ್ತಿದ್ದ. ನಾನು ಕಚೇರಿಯಲ್ಲಿ ಗುಮಾಸ್ತ. ಆದರೆ ಭಾನುವಾರ ಶೆಟ್ಟಿಹಳ್ಳಿಯ ನಮ್ಮ ಮನೆಯಿಂದ ಲೂನಾ ಮೊಪೆಡ್ಡು ಹೊರಟಿತೆಂದರೆ ಅದರ ಮೇಲೆ ಕೂತಿರುವವನು ಗುಮಾಸ್ತನಲ್ಲ, ನೆಲ ಮುಗಿಲುಗಳ ಚಿತ್ರಗಾರ ಎಂದು ತಿಳಿದುಕೊಂಡಿದ್ದೆ. ತಿಳಿದುಕೊಂಡಿದ್ದವನು ನಾನೊಬ್ಬನೇ.

ಚಿತ್ರ ಕಳಿಸಲು ಉಳಿದಿದ್ದದ್ದು ಆ ಹದಿನೈದೇ ದಿನ. ಆ ವರ್ಷದ ವಿಷಯ 'ವೇಗ ಮತ್ತು ನಿಶ್ಚಲತೆ'. ಒಂದೇ ಚಿತ್ರದಲ್ಲಿ ಎರಡೂ ಇರಬೇಕು. ಮೊದಲು ಕುಣಿಗಲ್ಲಿಗೆ ಹೋದೆ. ಅಲ್ಲಿಯ ಫಾರಂನಲ್ಲಿ ರೇಸಿನ ಕುದುರೆಗಳಿವೆ, ಓಡುವುದೇ ಅವುಗಳ ಕಸುಬು. ಬೇಲಿಯಾಚೆ ಎಂಟು ಕುದುರೆ ಹುಲ್ಲು ಮೇಯುತ್ತಿದ್ದವು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಮೇಯುತ್ತಲೇ ಇದ್ದವು. ಬಾಲ ಕೂಡ ಅಲ್ಲಾಡಿಸುವುದು ಅವಕ್ಕೆ ಭಾರವಾಗಿತ್ತು. ನಾನು ಬೆನ್ನು ತಿರುಗಿಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ನೆಲ ಗುಡುಗುಟ್ಟಿತು. ಕೈ ಒರೆಸಿಕೊಂಡು ತಿರುಗುವ ಹೊತ್ತಿಗೆ ಧೂಳಷ್ಟೇ ಉಳಿದಿತ್ತು. ಆ ಧೂಳನ್ನೇ ಮೂರು ಸಲ ಕ್ಲಿಕ್ಕಿಸಿದೆ.

ಇನ್ನೊಂದು ದಿನ ಗುಬ್ಬಿಯ ಹತ್ತಿರ ರೈಲು ಕಾದೆ. ಹಳಿ ಪಕ್ಕದ ತೆಂಗಿನ ಮರ ನಿಶ್ಚಲ, ರೈಲು ವೇಗ. ಲೆಕ್ಕ ಸರಿಯಾಗಿತ್ತು. ರೈಲು ಬಂತು, ಸಿಗ್ನಲ್ ಸಿಗದೆ ನನ್ನ ಮುಂದೆಯೇ ನಿಂತಿತು. ಗಾಳಿಗೆ ತೆಂಗಿನ ಮರ ಓಲಾಡತೊಡಗಿತು. ಕಿಟಕಿಯಲ್ಲಿದ್ದವರೆಲ್ಲ ತಲೆ ಬಾಚಿಕೊಂಡು, ಉಸಿರು ಬಿಗಿಹಿಡಿದು ನನ್ನನ್ನೇ ನೋಡಿದರು. ಬೇಜಾರು ಮಾಡಬಾರದೆಂದು ಅವರದ್ದೂ ಒಂದು ತೆಗೆದೆ.

ಗಡುವಿಗೆ ನಾಲ್ಕು ದಿನವಿದೆ ಎನ್ನುವಾಗ ನಿಟ್ಟೂರಿನ ದಾರಿಯಲ್ಲಿ ಭದ್ರಮ್ಮ ಸಿಕ್ಕಿದಳು. ನಮ್ಮ ಕಡೆ ಕಣ ಮಾಡುವುದನ್ನು ಬಿಟ್ಟು ಆಗಲೇ ಎಷ್ಟೋ ವರ್ಷವಾಗಿತ್ತು. ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡಿಬಿಟ್ಟರೆ ಬಸ್ಸು ಲಾರಿಗಳು ಹಾಗೇ ತುಳಿದುಕೊಂಡು ಹೋಗುತ್ತವೆ, ರಾಗಿ ಉದುರುತ್ತದೆ. ಭದ್ರಮ್ಮ ರಸ್ತೆಗೆ ಹಾಸಿಗೆ ಹಾಸಿದ ಹಾಗೆ ತೆನೆ ಹರಡಿ, ಉದ್ದನೆ ಕೋಲಿನಲ್ಲಿ ಮಗುಚುತ್ತಿದ್ದಳು. ಅವಳ ಗಂಡ ಚಿಕ್ಕಬೀರಯ್ಯ ಕಂಬಳಿ ಹೊದ್ದು ಎದುರಿನ ಮೋರಿಕಟ್ಟೆಯ ಮೇಲೆ ಕೂತಿದ್ದ. ಅಂಥ ಕೂರುವಿಕೆಯನ್ನು ನಾನು ಕಂಡಿರಲಿಲ್ಲ. ನೊಣ ಬಂದು ಮೂಗಿನ ಮೇಲೆ ಕೂತರೂ ಅದು ನೊಣದ ಸಮಾಚಾರ ಎಂಬಂತಿದ್ದ.

ನಿಶ್ಚಲತೆ ಸಿಕ್ಕಿತು. ಇನ್ನು ಅವನ ಮುಂದೆ ಒಂದು ಬಸ್ಸು ನುಗ್ಗಿ ಹೋದರೆ ಸಾಕು. ಮೋಡ ಕವಿದಿತ್ತು, ಬೆಳಕು ಕಮ್ಮಿ. ಷಟರನ್ನು ಸೆಕೆಂಡಿನ ಎಂಟರಲ್ಲೊಂದು ಭಾಗ ತೆರೆದಿಟ್ಟರೆ ಓಡುವುದು ಗೆರೆಯಾಗುತ್ತದೆ, ಕೂತದ್ದು ಕೂತಹಾಗೇ ಬರುತ್ತದೆ. ಮೂರುಕಾಲಿನ ಸ್ಟ್ಯಾಂಡು ರಸ್ತೆಯಂಚಿಗೆ ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಅಲುಗಿಸದೆ ದೂರದಿಂದಲೇ ಒತ್ತಲು ಗುಂಡಿಗೆ ಕೇಬಲ್ಲು ಸಿಕ್ಕಿಸಿಕೊಂಡು ಕಾದೆ.

ಬಸ್ಸು ಬಂತು. ದೂರದಲ್ಲಿ ಬಾಣದಂತೆ ಬರುತ್ತಿದ್ದದ್ದು ನನ್ನ ಮೂರುಕಾಲು ಕಂಡದ್ದೇ ತಡ, ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ನನ್ನ ಪಕ್ಕದಲ್ಲೇ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿದ.

"ಏನ್ ಸಾರ್, ಸರ್ವೆನಾ? ರೋಡ್ ಅಗಲ ಮಾಡ್ತೀರಾ?"

"ಇಲ್ಲಪ್ಪ, ಫೋಟೋ. ನೀನು ಜೋರಾಗಿ ಹೋಗು."

"ಜೋರಾಗ್ ಹೋದ್ರೆ ಫೋಟೋ ಹಿಡ್ದು ಕೇಸ್ ಹಾಕಕ್ಕಾ? ನಮ್ಗೂ ಗೊತ್ತು ಬುಡಿ ಸಾರ್," ಎಂದು, ರಾಗಿಯನ್ನು ಬಿಟ್ಟು ಮಣ್ಣಿಗಿಳಿಸಿ, ಮದುಮಗಳ ಮೆರವಣಿಗೆಯಂತೆ ದಾಟಿಸಿಕೊಂಡು ಹೋದ. ಹೋಗುವಾಗ ಎದುರಿನವರಿಗೆಲ್ಲ ಲೈಟು ಮಿಟುಕಿಸಿ ಎಚ್ಚರಿಕೆ ಕೊಟ್ಟಿರಬೇಕು. ಆಮೇಲೆ ಬಂದ ಎರಡು ಲಾರಿ, ಒಂದು ವ್ಯಾನು, ಇನ್ನೊಂದು ಬಸ್ಸು ಎಲ್ಲವೂ ಅಷ್ಟೇ ವಿನಯದಿಂದ ಮಣ್ಣಿಗಿಳಿದು ಹೋದವು. ಆ ರಸ್ತೆ ಹುಟ್ಟಿದ ಮೇಲೆ ಅಷ್ಟು ಶಿಸ್ತು ಕಂಡಿರಲಿಕ್ಕಿಲ್ಲ. ಒಂದು ಚಕ್ರವೂ ರಾಗಿಯನ್ನು ಮುಟ್ಟಲಿಲ್ಲ.

ಭದ್ರಮ್ಮ ಕೋಲು ಊರಿ ನನ್ನ ಮುಂದೆ ನಿಂತಳು.

"ಏನಪ್ಪ, ಯಾರ್ ಮಗ ನೀನು?"

"ನಮ್ಮಪ್ಪನೂರು ಗೂಳೂರು ಕಡೆಯಮ್ಮ. ಶಿವಮೂರ್ತಿ ಅಂತ."

"ಗೂಳೂರಲ್ಲಿ ರಾಗಿ ಬೆಳೆಯಲ್ವಾ? ಮೋಡ ನೋಡ್ದಾ? ನಾಕ್ ಹನಿ ಬಿದ್ರೆ ಇದೆಲ್ಲ ಮೊಳ್ಕೆ. ನಿನ್ ಮೂರ್ ಕಾಲಿನ್ ದೆವ್ವ ನೋಡಿ ಗಾಡಿಯೆಲ್ಲ ಹೆದ್ರಿ ಮಣ್ಣಿಗಿಳೀತವೆ. ಅಲ್ ನಿಂತದಲ್ಲ, ಅದ್ಯಾರ್ದು?"

"ಲೂನಾ... ನನ್ದೇ."

"ಹತ್ತು ಮತ್ತೆ! ಬಸ್ಸು ತುಳೀಬೇಕಾದ್ದು ನೀನ್ ತುಳಿ."

ನನ್ನ ಕಲೆಯ ಬಗ್ಗೆ ಎರಡು ಮಾತು ಹೇಳಬೇಕೆಂದುಕೊಂಡೆ. ಕೋಲು ನೋಡಿ ಲೂನಾ ಹತ್ತಿದೆ. ರಾಗಿ ಹುಲ್ಲಿನ ಮೇಲೆ ಲೂನಾ ಓಡಿಸುವುದು ಎಣ್ಣೆ ಹಚ್ಚಿದ ಹಂದಿಯ ಮೇಲೆ ಕೂತಂತೆ. ಆ ತುದಿಗೆ ಹೋಗು, ತಿರುಗು, ಈ ತುದಿಗೆ ಬಾ. ಎರಡು ಸಲ ಬಿದ್ದೆ. ಚಿಕ್ಕಬೀರಯ್ಯ ಕದಲಲಿಲ್ಲ.

ಹತ್ತನೆಯ ಸುತ್ತಿಗೆ ನನಗೊಂದು ಉಪಾಯ ಹೊಳೆಯಿತು. ಮೂರುಕಾಲಿನ ಮೇಲೆ ಭದ್ರಮ್ಮನ ಇನ್ನೊಂದು ಕಂಬಳಿ ಮುಚ್ಚಿ ಲೆನ್ಸಷ್ಟು ಕಿಂಡಿ ಬಿಟ್ಟರೆ ಡ್ರೈವರಿಗೆ ಕಾಣದು. ರೋಲಿನಲ್ಲಿ ಉಳಿದಿದ್ದದ್ದು ಒಂದೇ ಒಂದು ಚಿತ್ರ. ಕೇಬಲ್ಲಿನ ತುದಿ ಭದ್ರಮ್ಮನ ಕೈಗೆ ಕೊಟ್ಟು, "ನಾನು ತುಳೀತಾ ಇರ್ತೀನಿ. ಬಸ್ಸು ಬಂದು ಯಜಮಾನ್ರ ಮುಂದೆ ಹಾಯೋವಾಗ ಇದನ್ನ ಒತ್ತಮ್ಮ. ಒಂದೇ ಸಲ," ಎಂದು ಮೂರು ಬಾರಿ ಹೇಳಿಕೊಟ್ಟೆ. ಅವಳು ತಲೆಯಾಡಿಸಿದಳು. ನಾನು ಮತ್ತೆ ಹೊರಟೆ. ಚಿಕ್ಕಬೀರಯ್ಯನನ್ನು ದಾಟಿದ್ದೆನೋ ಇಲ್ಲವೋ, ಹಿಂದೆ ಖಟ್ ಎಂದಿತು.

"ಒತ್ತುದ್ನಪ್ಪ!"

"ಬಸ್ಸೆಲ್ಲಮ್ಮಾ?"

"ಬಸ್ಸು ಬರೋದ್ ಯಾವ್ ಕಾಲಕ್ಕೋ. ಈಗ್ ನೋಡು, ನಿನ್ ಚಕ್ರಕ್ಕೆ ಹುಲ್ಲು ಹೆಂಗ್ ಎದ್ದಿತ್ತು! ಎದ್ದಾಗ್ ಒತ್ತುದೆ. ಕಾಳು ಬಿಡೋದೇ ಆವಾಗ."

ಕೊನೆಯ ಚಿತ್ರ ಹೋಯಿತು ಎಂದು ಲೂನಾ ಹಿಡಿದುಕೊಂಡು ರಸ್ತೆ ಮಧ್ಯೆ ನಿಂತೆ. ನಿಂತದ್ದಕ್ಕೂ ಬೈಸಿಕೊಂಡೆ.

ರೋಲು ತೊಳೆಸಿದಾಗ ಮೂವತ್ತಾರರಲ್ಲಿ ಮೂವತ್ತೈದು ನಾನು ತೆಗೆದದ್ದು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಮೂವತ್ತಾರನೆಯದು ಬೇರೆ. ಚಿಕ್ಕಬೀರಯ್ಯನ ಕಂಬಳಿಯ ಎಳೆ ಎಳೆ ಸ್ಪಷ್ಟ. ಅವನ ಮುಂದೆ ಹುಲ್ಲು ಅಲೆಯ ಹಾಗೆ ಎದ್ದು ಗಾಳಿಯಲ್ಲಿದೆ. ಅದರೊಳಗೆ ಲೂನಾ ಮೇಲಿನವನು, ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ, ಉದ್ದಕ್ಕೆ ಮಸುಕಾಗಿ ಹೋಗಿದ್ದಾನೆ. ಹನ್ನೊಂದು ವರ್ಷ ನಾನು ಹುಡುಕಿದ್ದು ಅದು. ಪ್ರವೇಶ ಪತ್ರದಲ್ಲಿ 'ಛಾಯಾಗ್ರಾಹಕರ ಹೆಸರು' ಎಂಬ ಗೆರೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕ್ಯಾಮೆರಾ ನನ್ನದು, ಜಾಗ ಆರಿಸಿದ್ದು ನಾನು, ಬಿದ್ದದ್ದೂ ನಾನು. ಶಿವಮೂರ್ತಿ ಎಂದು ಬರೆದೆ.

ಚಿತ್ರ ಆಯ್ಕೆಯಾಯಿತು. ಪ್ರದರ್ಶನದ ದಿನ ಮಹಾಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಸಂಘದ ಕಾರ್ಯದರ್ಶಿ ವೀರಭದ್ರಯ್ಯ ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಹನ್ನೊಂದು ವರ್ಷದ ತಿರಸ್ಕಾರದ ಪತ್ರಗಳಿಗೆಲ್ಲ ಸಹಿ ಹಾಕಿದವರು ಅವರೇ. ನನ್ನ ಭುಜದ ಮೇಲೆ ಕೈ ಇಟ್ಟು ಚಿತ್ರದ ಮುಂದೆ ನಿಲ್ಲಿಸಿದರು.

"ಬೆಳಕು, ಜಾಗ ಎಲ್ಲಾ ಯಾರ್ ಬೇಕಾದ್ರೂ ಮಾಡ್ತಾರೆ ಶಿವಮೂರ್ತಿ. ಗಳಿಗೆ ಹಿಡಿದಿದೀರಲ್ಲ, ಅದು. ಅರ್ಧ ಚಣ ಆಚೀಚೆ ಆಗಿದ್ರೆ ಹುಲ್ಲು ನೆಲದಲ್ಲಿರೋದು. ಈ ಗಾಡಿಯೋನು ಯಾರು?"

"ಯಾರೋ ಹಳ್ಳಿಯೋನು ಸಾರ್. ಅಡ್ಡ ಬಂದ."

ಮಹಾಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಚಿತ್ರದ ಹತ್ತಿರಕ್ಕೆ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ.

"ರೀ, ಇದು ನಿಮ್ ಬೆನ್ನು."

"ಸುಮ್ನಿರೇ. ಮಸುಕಲ್ಲಿ ಬೆನ್ನೆಲ್ಲಿ ಕಾಣ್ತದೆ?"

"ಮಖ ಆಗಿದ್ರೆ ತಪ್ತಿದ್ನೇನೋ. ಹತ್ತು ವರ್ಷದಿಂದ ಲೂನಾ ಹಿಂದೆ ಕೂತು ಈ ಬೆನ್ನೇ ನೋಡ್ಕೊಂಡ್ ಬಂದಿದೀನಿ. ಮೊಣಕೈ ನೋಡಿ, ಹುಂಜ ರೆಕ್ಕೆ ಬಿಚ್ಚಿದಂಗೆ. ಇನ್ಯಾರ್ ಹಂಗ್ ಓಡಿಸ್ತಾರೆ?"

ವೀರಭದ್ರಯ್ಯನವರು ಚಿತ್ರವನ್ನೂ ನನ್ನ ಮೊಣಕೈಯನ್ನೂ ನೋಡಿದರು. ಒಳ್ಳೆಯ ಮನುಷ್ಯ; ದಾರಿಯನ್ನೂ ಅವರೇ ತೋರಿಸಿದರು. "ಓಹೋ, ಟೈಮರ್ ಇಟ್ಟು ನೀವೇ ಓಡಿಸಿದ್ರಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಕ್ಯಾಮೆರಾದಲ್ಲಿ ಟೈಮರೇ ಇಲ್ಲ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಹಾಲಕ್ಷ್ಮಮ್ಮನ ಮುಖದಲ್ಲಿ, ಪರವಾಗಿಲ್ಲ ನನ್ನ ಗಂಡ ಎಂಬಂಥದ್ದೇನೋ ಬರತೊಡಗಿತ್ತು. ನಾನು ಬಾಯಿ ತೆರೆದೆ. ಆದರೆ ಅವರು ಹೊಗಳಿದ್ದು ಗಳಿಗೆಯನ್ನು. ಆ ಗಳಿಗೆಯಲ್ಲಿ ನಾನು ಹ್ಯಾಂಡಲ್ ಹಿಡಿದು ಬೀಳದಿರುವ ಪ್ರಯತ್ನದಲ್ಲಿದ್ದೆ.

"ಟೈಮರಲ್ಲ ಸಾರ್. ಒತ್ತಿದ್ದು ಆ ರಾಗಿ ಯಜಮಾನಿ. ಭದ್ರಮ್ಮ ಅಂತ."

ವೀರಭದ್ರಯ್ಯನವರು ಜೇಬಿನಿಂದ ಪೆನ್ನು ತೆಗೆದು ಚಿತ್ರದ ಕೆಳಗಿನ ಚೀಟಿಯಲ್ಲಿದ್ದ ನನ್ನ ಹೆಸರಿನ ಮೇಲೆ ಗೆರೆ ಎಳೆದು, ಡ್ರಾಯಿಂಗ್ ಮೇಷ್ಟ್ರ ದುಂಡು ಅಕ್ಷರದಲ್ಲಿ ಭದ್ರಮ್ಮ ಎಂದು ಬರೆದರು. ಹೊರಗೆ ಬಂದು ಲೂನಾ ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಮಾತು ಬಂತು. "ಭಾನ್ವಾರ ದಯಾನಂದಂಗೆ ಬರಕ್ ಹೇಳ್ತೀನಿ." ಹೂಂ ಎಂದೆ. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಆದರೆ ಆ ದಿನ ಮನೆ ಸೇರುವವರೆಗೂ ನನ್ನ ಬೆನ್ನಿಗೆ ಒರಗಿಕೊಂಡೇ ಬಂದಳು.

ಕ್ಯಾಮೆರಾ ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಚಿತ್ರದ ಒಂದು ಪ್ರತಿ ಕಟ್ಟು ಹಾಕಿಸಿಕೊಂಡು ನಿಟ್ಟೂರಿನ ದಾರಿಗೆ ಹೋದೆ. ಭದ್ರಮ್ಮ ಸೆರಗಿನಿಂದ ಗಾಜು ಒರೆಸಿ ಬಹಳ ಹೊತ್ತು ನೋಡಿದಳು.

"ಯಜಮಾನ್ರು ಚೆಂದಾಗ್ ಬಂದವ್ರೆ. ಹುಲ್ಲೂ ಚೆಂದಾಗ್ ಬಂದದೆ. ನೀನ್ ಯಾಕಪ್ಪ ಹಿಂಗ್ ಅಳಿಸೋಗಿದೀಯ?"

"ಓಡ್ತಿದ್ನಲ್ಲಮ್ಮ, ಅದಕ್ಕೆ."

"ಎಲ್ಲಿಗ್ ಓಡ್ದೆ?" ಎಂದಳು ಭದ್ರಮ್ಮ. "ಇಲ್ಲಿಂದ್ ಅಲ್ಲಿಗೆ, ಅಲ್ಲಿಂದ್ ಇಲ್ಲಿಗೆ."