ಎಡಗಾಲಿಗೊಂದು, ಬಲಗಾಲಿಗೊಂದು

ನಾನು ಸೈಕಲ್ಲಿನ ಕ್ರ್ಯಾಂಕ್. ಅಂದರೆ ಪೆಡಲುಗಳನ್ನು ಹಿಡಿದುಕೊಂಡು ಸುತ್ತುವ ಲೋಹದ ತೋಳುಗಳ ಜೋಡಿ. ಆದರೆ ನನ್ನ ಹುಟ್ಟಿನಲ್ಲೇ ಒಂದು ತಂಟೆಯಿದೆ. ಬೇರೆ ಕ್ರ್ಯಾಂಕುಗಳಲ್ಲಿ ಒಂದು ಕಾಲು ತುಳಿದರೆ ಇನ್ನೊಂದು ಕಾಲು ಮಾವನ ಮನೆಗೆ ಬಂದ ಅಳಿಯನಂತೆ ಪುಕ್ಕಟೆ ಮೇಲೇರುತ್ತದೆ. ನನ್ನ ಎರಡು ತೋಳುಗಳು ಒಂದರ ಗೊಡವೆಗೆ ಒಂದು ಹೋಗುವುದಿಲ್ಲ. ಎತ್ತದ ಕಾಲು ಕೆಳಗೇ ಜೋತಾಡುತ್ತಿರುತ್ತದೆ. ಪರದೇಶದ ಕಾರ್ಖಾನೆಯಲ್ಲಿ ನನ್ನನ್ನು ಮಾಡಿದವರು, ನನ್ನ ಮೇಲೆ ಪಳಗಿದ ಕಾಲು ಕಡಿಮೆ ದಣಿದು ಹೆಚ್ಚು ದೂರ ಹೋಗುತ್ತದೆಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದರು. ಓದಿ ನಂಬಿದೆ. ವಯಸ್ಸು ಅಂಥದು.

ಡಬ್ಬಿ ತೆರೆದದ್ದು ವಿಜಯಪುರದ ಒಂದು ಕ್ರೀಡಾ ವಸತಿನಿಲಯದಲ್ಲಿ, ಕೋಚ್ ಮಲಕಾರಿ ಸರ್. ಅವರು ನಂಬಲಿಲ್ಲ. ನೀಲಗಂಗಾ, ಮೈಮುನಾ ಎಂಬ ಇಬ್ಬರು ಹುಡುಗಿಯರನ್ನು ಕರೆದರು. ಇಬ್ಬರದೂ ಒಂದೇ ಎತ್ತರ, ಒಂದೇ ವೇಗ. ರಾಜ್ಯ ಪಂದ್ಯದ ಒಂಟಿ ಸವಾರಿಗೆ ಮಾತ್ರ ಒಬ್ಬಳಿಗೇ ಜಾಗ. ಮುಂದಿನ ವರ್ಷ ವಯಸ್ಸು ಮೀರುವುದರಿಂದ ಇಬ್ಬರಿಗೂ ಇದೇ ಕೊನೆಯ ಸಲ.

"ನೀಲಗಂಗಾ, ಇದು ನಿನಗ. ಮೈಮುನಾ, ನೀ ಹಳೇದನ್ನ ತುಳಿ. ಮಳಿಗಾಲ ಮುಗದ ಮ್ಯಾಲ ಸ್ಪರ್ಧಾ ಇಡ್ತೀನಿ. ಗೆದ್ದಾಕಿ ಹೋಗ್ಲಿ. ಇದರ ಬಣ್ಣಾನೂ ಗೊತ್ತಾಗ್ತೈತಿ."

ಮೊದಲ ದಿನ ನೀಲಗಂಗಾಳ ಎಡಗಾಲು ಮೇಲೇಳಲೇ ಇಲ್ಲ. "ಏನವ್ವಾ, ಅಂಗಡ್ಯಾಗ ಕೋಳಿ ತೂಗ ಹಾಕ್ಯಾರೇನ?" ಎಂದು ಮೈಮುನಾ ನಕ್ಕಳು. ವಾರ ಕಳೆಯುವಷ್ಟರಲ್ಲಿ ಕಾಲು ದುಂಡಗೆ ತಿರುಗತೊಡಗಿತು. ನಾನು ಬೀಗಿದೆ.

ಆ ನಿಲಯದಲ್ಲೊಂದು ರೂಢಿ. ಮನೆಯಿಂದ ರೊಟ್ಟಿಗೆಂದು ಶೇಂಗಾ ಹಿಂಡಿ ಬರಲಿ, ಹಬ್ಬದ ಸುರಕುಂಬಾ ಪಾಯಸ ಬರಲಿ, ಡಬ್ಬಿಯನ್ನು ಎಲ್ಲರ ನಡುವೆ ಇಟ್ಟೇ ಮುಚ್ಚಳ ತೆಗೆಯಬೇಕು. ನಾನೂ ಡಬ್ಬಿಯಲ್ಲೇ ಬಂದವನಷ್ಟೆ.

"ತಗೋ, ನನ್ನ ಸೈಕಲ್ಲು. ಒಂದಿನ ನೀ, ಒಂದಿನ ನಾ," ಎಂದಳು ನೀಲಗಂಗಾ.

"ಹುಚ್ಚಿ! ನೀ ಸೋತರ?"

"ನಿನಗ ಕೊಡದ ಗೆದ್ದರ, ಅದು ಗಂಟಲಾಗ ಇಳೀಬೇಕಲ್ಲ."

ಸೋಲಾಪುರ ರಸ್ತೆಯ ಧೂಳಿಗೆ ಇಬ್ಬರೂ ಮುಖಕ್ಕೆ ಓಢಣಿ ಸುತ್ತಿ, ಕಪ್ಪು ಕನ್ನಡಕ ಏರಿಸಿ ಹೊರಡುತ್ತಿದ್ದರು. ನಾನು ಅಂಗಾಲಿನಿಂದಲೇ ಜನರನ್ನು ಗುರುತಿಸುವವನು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಸರ್ ಮಾತ್ರ ಸೈಕಲ್ ನೋಡಿ ಹೆಸರು ಕೂಗುತ್ತಿದ್ದರು.

"ನೀಲಗಂಗಾ, ಎಡಗಾಲ ಎತ್ತವ್ವಾ!"

"ಹೂನ್ರೀ ಸರ!" ಎನ್ನುತ್ತಿದ್ದಳು ಮೈಮುನಾ.

ಸ್ಪರ್ಧೆಯ ಬೆಳಗ್ಗೆ, ಪಳಗಿದ ಕಾಲನ್ನಷ್ಟೇ ಅಳೆಯಬೇಕೆಂದು, ಇಬ್ಬರಿಗೂ ಸಾದಾ ಕ್ರ್ಯಾಂಕಿನ ಸೈಕಲ್. ನಾನು ಸರ್ ಅವರ ಚೀಲದಲ್ಲಿದ್ದೆ. ಇಬ್ಬರೂ ಹಿಂದೆಂದೂ ಇಲ್ಲದ ವೇಗದಲ್ಲಿ ಬಂದರು. ಅರ್ಧ ಗಾಲಿಯಷ್ಟು ಮುಂದಿದ್ದವಳು ಮೈಮುನಾ.

ಸರ್ ನನ್ನನ್ನು ಚೀಲದಿಂದ ಎಳೆದರು. "ಸುಳ್ಳ ಡಬ್ಬಿ! ಇದನ್ನ ತುಳಿದಾಕಿ ಸೋತಳು. ಗುಜರಿಗೆ ಒಗೀತೀನಿ!"

"ಅದನ್ನ ಬೈಬ್ಯಾಡ್ರಿ ಸರ," ನೀಲಗಂಗಾ ಏದುಸಿರಲ್ಲೇ ಅಂದಳು. "ಅದು ಇಬ್ರಿಗೂ ದುಡದೈತಿ." ನಡೆದದ್ದನ್ನೆಲ್ಲ ಹೇಳಿದಳು.

ಸರ್ ಮೈಲುಗಲ್ಲಿನ ಮೇಲೆ ಕುಸಿದರು. "ನನ್ನ ಪರೀಕ್ಷಾಕ್ಕ ಮಣ್ಣ ಹಾಕಿದ್ರಲ್ಲವ್ವಾ!"

"ಡಬ್ಬಿ ತಗದು ಒಬ್ಬಾಕಿನೇ ಹೆಂಗ ತಿನ್ನೂದ್ರಿ ಸರ?"

ಅಂದ ನೀಲಗಂಗಾ ಮುಖವನ್ನು ಅತ್ತ ತಿರುಗಿಸಿದಳು. ಕೈತಪ್ಪಿದ ಜಾಗ ಆಗಷ್ಟೇ ನೆನಪಾಗಿರಬೇಕು. ಮೈಮುನಾ ಗೆದ್ದವಳಂತೆ ಕಾಣಲಿಲ್ಲ.

ಸರ್ ಇಬ್ಬರ ಕಾಲುಗಳನ್ನೂ ನೋಡಿದರು. ಆಮೇಲೆ, "ನಿಮ್ಮ ನಿಮ್ಮ ಸೈಕಲ್ ಹತ್ತಿ ಒಬ್ಬರ ಹಿಂದ ಒಬ್ಬರು ನಡೀರಿ. ಆ ಬೇವಿನ ಗಿಡದ ತನಕ ಹೋಗಿ ಬರ್ರಿ," ಎಂದರು. ಹೋಗಿ ಬಂದರು. ನಾಲ್ಕು ಪಾದ ಒಂದೇ ಮೈಯವೆಂಬಂತೆ ಏರಿದವು, ಇಳಿದವು. ಸರ್ ತೊಡೆ ತಟ್ಟಿ ನಗತೊಡಗಿದರು.

"ಜೋಡಿ ಸವಾರಿಗೆ ನಮ್ಮ ಜಿಲ್ಲಾ ಈತನಕ ಹೆಸರೇ ಕೊಟ್ಟಿಲ್ಲ, ಹೊಂದೂವಂಥ ಇಬ್ರು ಸಿಕ್ಕಿದ್ದಿಲ್ಲ. ಒಂಟೀಗೆ ಮೈಮುನಾ ಹೋಗ್ಲಿ. ಜೋಡೀಗೆ ಇಬ್ರೂ ನಡೀರಿ!"

ಜೋಡಿಯಲ್ಲಿ ಗೆದ್ದೇ ಬಂದರು. ಊರೆಲ್ಲ ಕೇಳುವಂತೆ ಕೂಗಾಡುತ್ತ ಬಂದರು.

ಈಗ ನನ್ನ ಬೇರಿಂಗು ಸವೆದಿದೆ. ಉಗ್ರಾಣದ ಗೋಡೆಗೆ, ಪಂಕ್ಚರಾದ ಟ್ಯೂಬುಗಳ ನಡುವೆ ನೇತಾಡುತ್ತಿದ್ದೇನೆ. ಹುಡುಗಿಯರನ್ನು ಓಡಿಸಿದ್ದು ನಾನೋ, ಎದುರುಗಾಳಿಯೋ, ಸರ್ ಅವರ ಕೂಗೋ, ನನಗೂ ಗೊತ್ತಿಲ್ಲ. ಡಬ್ಬಿಯ ಮಾತನ್ನು ಈಗ ನಾನೂ ಅಷ್ಟಾಗಿ ನಂಬುವುದಿಲ್ಲ. ಮೊನ್ನೆ ಹೊಸ ಕೋಚ್ ನನ್ನನ್ನು ಇಳಿಸಿ ಒರೆಸಿ, ನಿವೃತ್ತರಾದ ಮಲಕಾರಿ ಸರ್ ಬಂದಾಗ ಕೇಳಿದ: "ಸರ, ಇದರಿಂದ ಖರೇನ ಲಾಭ ಐತೇನ್ರಿ?"

ಸರ್ ನನ್ನ ಎರಡೂ ತೋಳುಗಳನ್ನು ತಿರುವಿ ನೋಡಿದರು.

"ಐತಿ. ಆದರ ಇಬ್ರಿಗೆ ಕೂಡಿ ಒಂದೇ ಕೊಡಬೇಕು ನೋಡಪಾ."